ನೀರು ಬಿಟ್ಟು ಮಲಗಿದ ಮನೆ

ಡುಲುತ್ ಊರಿನ ಗುಡ್ಡದ ನೆತ್ತಿಗೆ ಬಂದಾಗ ಕೆಳಗೆ ಕಂಡ ನೀಲಿಯನ್ನು ನಾನು ಸಮುದ್ರ ಅಂದೆ. "ಸರೋವರ ಅಕ್ಕಾ, ಸಿಹಿನೀರು," ಅಂದ ತಮ್ಮ. ಆಚೆ ದಡವಿಲ್ಲ, ಕಲ್ಲಿಗೆ ಬಡಿಯುವ ಅಲೆಯಿದೆ, ದಿಗಂತದಲ್ಲಿ ಅದಿರಿನ ಹಡಗಿದೆ. ಸಿಹಿನೀರೆಂದರೆ ನಂಬುವುದು ಹೇಗೆ? ಸುಪೀರಿಯರ್ ಸರೋವರದ ಹರವು 82,000 ಚದರ ಕಿಲೋಮೀಟರಿಗೂ ಮಿಗಿಲು. ಕರ್ನಾಟಕದ ಐದರಲ್ಲಿ ಎರಡು ಪಾಲು ನೆಲ ನೀರಾಗಿ ಹರಡಿಕೊಂಡರೆ ಎಷ್ಟೋ ಅಷ್ಟು. ದಡಕ್ಕಿಳಿದು ಬೊಗಸೆ ತುಂಬಿ ಕುಡಿದೆ. ಹಲ್ಲು ಜುಮ್ಮೆಂದಿತು, ಆದರೆ ನೀರು ಸಿಹಿಯೇ.

ಅಕ್ಟೋಬರ್ ನಡುಭಾಗ. ನಮ್ಮೂರು ಸಾಗರದಲ್ಲಿ ಮಳೆ ಹಿಂದೆ ಸರಿದು ಅಡಿಕೆ ತೋಟದ ಕಡೆ ನೋಡುವ ಹೊತ್ತು. ನಾನು ಮಾತ್ರ ಅಮೆರಿಕದ ಮಿನೆಸೋಟದಲ್ಲಿ, ತಮ್ಮನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ. ಹಿಂದೆ ಕೊಂಡಿಗೆ ಸಿಕ್ಕಿಸಿದ ಮನೆಯೊಂದು ಉರುಳುತ್ತ ಬರುತ್ತಿತ್ತು. ಏಳು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಒಳಗೆ ಮಂಚ, ಒಲೆ, ಫ್ರಿಜ್ಜು, ಊಟದ ಮೇಜು, ಬಚ್ಚಲು, ಕಕ್ಕಸು. ಸಿಂಕಿಗೂ ಬಚ್ಚಲಿಗೂ ನಲ್ಲಿ, ನಲ್ಲಿಯಲ್ಲಿ ಬಿಸಿನೀರು. ಅಲ್ಲಿನವರು ಇದನ್ನು ಟ್ರಾವೆಲ್ ಟ್ರೇಲರ್ ಅನ್ನುತ್ತಾರೆ. ಬೇಸಿಗೆಯಿಡೀ ತಮ್ಮನ ಸಂಸಾರ ಇದನ್ನು ಕಾಡು, ಕೆರೆ ಎಂದು ಸುತ್ತಿಸುತ್ತದೆ. ಇದು ಆ ವರ್ಷದ ಕೊನೆಯ ತಿರುಗಾಟ. ಇನ್ನು ಆರು ತಿಂಗಳು ಅದು ಬಯಲಿನಲ್ಲಿ, ಹಿಮದಡಿ ನಿಲ್ಲಬೇಕು. ತಮ್ಮನ ಬಡಾವಣೆಯಲ್ಲಿ ಮನೆಯೆದುರು ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಉತ್ತರದ ಟವರ್ ಎಂಬ ಪುಟ್ಟ ಊರಿನ ಹೊರಗೆ, ಪರಿಚಯದ ಅಜ್ಜನೊಬ್ಬರ ಜಮೀನಿನಲ್ಲಿ ಬಿಟ್ಟುಬರುವುದು. ನಾನು ಸರೋವರ ನೋಡಲೆಂದು ಹೊರಟವಳು. ಆದರೆ ಊರಿಗೆ ಮರಳಿದ ಮೇಲೆ ಕೇಳಿದವರಿಗೆಲ್ಲ ಹೆಚ್ಚು ಹೇಳಿದ್ದು ಆ ಬಿಟ್ಟುಬರುವ ಕೆಲಸದ ಕಥೆಯನ್ನು.

ಸರೋವರದ ಉತ್ತರ ದಡ ಹಿಡಿದು 61ನೇ ಹೆದ್ದಾರಿಯಲ್ಲಿ ಹೋದೆವು. ಬಂಡೆಯ ತುದಿಯಲ್ಲಿ ಸ್ಪ್ಲಿಟ್ ರಾಕ್ ದೀಪಸ್ತಂಭ. 1905ರ ನವೆಂಬರಿನ ಒಂದು ಬಿರುಗಾಳಿ ಈ ನೀರಿನಲ್ಲಿ ಹಡಗುಗಳನ್ನು ಹೊಡೆದು ಹಾಕಿತು. ಅದಾದ ಮೇಲೆ ಕಟ್ಟಿದ್ದು ಈ ದೀಪಸ್ತಂಭ. 1910ರಿಂದ 1969ರವರೆಗೆ ಉರಿಯಿತು. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರಿನ ಹಡಗು 29 ಜನರೊಂದಿಗೆ ಈ ಸರೋವರದಲ್ಲಿ ಮುಳುಗಿತು. ಈಗ ವರ್ಷಕ್ಕೊಮ್ಮೆ, ಆ ದಿನ ಸಂಜೆ, ಅವರ ನೆನಪಿಗೆ ದೀಪ ಹಚ್ಚುತ್ತಾರಂತೆ. ನಾನು ಬಹಳ ಹೊತ್ತು ಅಲ್ಲೇ ನಿಂತೆ.

ಆ ರಾತ್ರಿ ಉಳಿದ ಶಿಬಿರತಾಣದಲ್ಲಿ ಚಳಿಗೆ ಹೆಪ್ಪುಗಟ್ಟೀತೆಂದು ನಲ್ಲಿಗಳನ್ನು ಆಗಲೇ ಮುಚ್ಚಿದ್ದರು. ನಡುರಾತ್ರಿ ತಮ್ಮ ಎದ್ದು ಕೂತಿದ್ದ. ಕಿಟಕಿಗೆ ಅಂಗೈ ಒತ್ತಿ ನೋಡುವುದು, ಹೀಟರಿನ ಶಬ್ದ ಆಲಿಸುವುದು, ಸಿಂಕಿನ ಕೆಳಗಿನ ಬಾಗಿಲು ತೆರೆದು ಕೊಳವೆಯ ಕಡೆ ಬೆಚ್ಚನೆ ಗಾಳಿ ಹೋಗುವಂತೆ ಮಾಡುವುದು. ಹಸುಗೂಸು ಮಲಗಿಸಿದ ಮನೆಯಲ್ಲಿ ತಾಯಿ ಓಡಾಡುವ ಹಾಗೆ. ಬೆಳಗ್ಗೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತೆ ಇಬ್ಬನಿ ಹೆಪ್ಪುಗಟ್ಟಿತ್ತು. "ಇನ್ನು ತಡ ಮಾಡೋ ಹಾಗಿಲ್ಲ ಅಕ್ಕಾ. ಇವತ್ತೇ ನೀರು ತೆಗೀಬೇಕು," ಅಂದ.

ನೀರು ತೆಗೆಯುವುದು! ಕೆರೆ ಬತ್ತೀತು, ಬಾವಿ ಇಳಿದೀತು ಎಂದು ಹೆದರಿದ್ದು ಗೊತ್ತು. ಒಳಗೆ ನೀರು ಉಳಿದೀತು ಎಂದು ಹೆದರುವವರನ್ನು ನಾನು ಕಂಡಿರಲಿಲ್ಲ.

ಸರೋವರ ಬಿಟ್ಟು ಒಳನಾಡಿಗೆ ತಿರುಗಿದೆವು. ಫಿನ್ಲೆಂಡ್ ಎಂಬ ಹಳ್ಳಿ ದಾಟಿ ಈಲಿ ಊರಿನ ಕಡೆಗೆ ಹಾವಿನಂತೆ ಹೊರಳುವ ದಾರಿ. ಎರಡೂ ಕಡೆ ಜವುಗು, ಜವುಗಿನಲ್ಲಿ ಟ್ಯಾಮರಾಕ್ ಮರಗಳು. ದೂರದಿಂದ ಪೈನಿನ ಹಾಗೆ ಕಾಣುತ್ತವೆ, ಎಲೆಯೂ ಸೂಜಿಯೇ. ಆದರೆ ಅಷ್ಟೂ ಸೂಜಿಗಳು ಅರಿಶಿನಕ್ಕೆ ತಿರುಗಿದ್ದವು. ಒಂದೆರಡು ವಾರದಲ್ಲಿ ಎಲ್ಲವನ್ನೂ ಉದುರಿಸಿ ಬೋಳಾಗುತ್ತವೆ ಎಂದ ತಮ್ಮ. ಗಾಳಿ ಬೀಸಿದಾಗ ನಮ್ಮ ಗಾಜಿನ ಮೇಲೆ ಬಂಗಾರದ ಹೊಟ್ಟು ಸುರಿಯಿತು. ಈಲಿಯ ಹತ್ತಿರ ಟ್ರೇಲರಿನ ಎರಡು ಕೊಳಕುನೀರಿನ ಟ್ಯಾಂಕುಗಳನ್ನು, ಸಿಂಕಿನದೊಂದು ಕಕ್ಕಸಿನದೊಂದು, ಅದಕ್ಕೆಂದೇ ಇರುವ ಗುಂಡಿಗೆ ಬಸಿದು ತೊಳೆದೆವು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಟವರ್ ಊರಿಗೆ ಒಂದು ಹೆಗ್ಗಳಿಕೆಯಿದೆ. 1996ರ ಫೆಬ್ರವರಿ 2ರ ಬೆಳಗ್ಗೆ ಇಲ್ಲಿ ಉಷ್ಣಮಾಪಕ ಶೂನ್ಯಕ್ಕಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಮಿನೆಸೋಟ ರಾಜ್ಯದಲ್ಲಿ ದಾಖಲಾದ ಅತಿ ದೊಡ್ಡ ಚಳಿ ಅದು. ಅವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೈನಸ್ 60. ಅಂಥ ಊರಿನ ಹೊರಗೆ, ಬರ್ಚ್ ಮರಗಳ ನಡುವೆ, ಅಜ್ಜ ನಮಗಾಗಿ ಕಾಯುತ್ತಿದ್ದರು. ಫಿನ್ಲೆಂಡ್ ದೇಶದಿಂದ ಕಬ್ಬಿಣದ ಗಣಿಗೆ ದುಡಿಯಲು ಬಂದವರ ಮೊಮ್ಮಗ, ಎಂಬತ್ತರ ಹತ್ತಿರ. ಟ್ರೇಲರ್ ನಿಲ್ಲುವ ಜಾಗದಲ್ಲಿ ಜಲ್ಲಿ ಹರಡಿ, ನಾಲ್ಕು ಚಕ್ರಕ್ಕೂ ದಪ್ಪ ಹಲಗೆ ಹಾಕಿಟ್ಟಿದ್ದರು. ಟೈರು ಹಸಿ ನೆಲಕ್ಕೆ ಅಂಟಿ ಹೆಪ್ಪುಗಟ್ಟಬಾರದು. ಮೂತಿಯ ಕಡೆ ಸ್ವಲ್ಪ ಎತ್ತರಿಸಿ ನಿಲ್ಲಿಸಿದರು, ಕರಗಿದ ನೀರು ಮಾಡಿನ ಮೇಲೆ ನಿಲ್ಲದೆ ಹಿಂದಕ್ಕೆ ಹರಿಯಲಿ ಎಂದು.

ಆಮೇಲೆ ನೀರಿನ ಕೆಲಸ. ಮೊದಲು ಬಿಸಿನೀರಿನ ಹಂಡೆ. ಇಪ್ಪತ್ತಮೂರು ಲೀಟರಿನಷ್ಟು ಹಿಡಿಯುವ ಪುಟ್ಟ ಟ್ಯಾಂಕು, ಹೊರಗೋಡೆಯಲ್ಲೇ ಅದರ ಬಾಗಿಲು. ಬಿರಡೆ ತಿರುವಿದ ಕೂಡಲೇ ಗಳಗಳ ಸುರಿಯಿತು. ಟ್ರೇಲರಿನ ಹೊಟ್ಟೆಯಡಿ ಎರಡು ಚಿಕ್ಕ ಕೊಳವೆಗಳಿವೆ, ಇಡೀ ಜಾಲದಲ್ಲಿ ಅತಿ ತಗ್ಗಿನ ಜಾಗ ಅದು. ಅವನ್ನು ತೆರೆದಾಗ ಉಳಿದ ನೀರೂ ಇಳಿಯಿತು. ಸಾಲದು ಎಂದರು ಅಜ್ಜ. ಗಾಳಿಯಂತ್ರ ತಂದು, ಒತ್ತಡ ಹೆಚ್ಚಾಗದಂತೆ ಮುಳ್ಳನ್ನು ನೋಡಿಕೊಳ್ಳುತ್ತ ಕೊಳವೆಗಳಿಗೆ ಗಾಳಿ ಬಿಟ್ಟರು. ಒಳಗಿದ್ದ ತಮ್ಮ ಒಂದೊಂದೇ ನಲ್ಲಿ ತೆರೆದ. ಮೊದಲು ಚಿಮ್ಮಿದ್ದು ನೀರು, ಆಮೇಲೆ ತುಂತುರು, ಕೊನೆಗೆ ಬರಿಯ ನಿಟ್ಟುಸಿರು. ಬಿಸಿಯ ನಲ್ಲಿ ಬೇರೆ, ತಣ್ಣೀರಿನದು ಬೇರೆ, ಬಚ್ಚಲಿನದು ಬೇರೆ, ಕಕ್ಕಸಿನದು ಬೇರೆ.

"ಹೊರಗಿನ ಷವರ್?" ಅಂದರು ಅಜ್ಜ. ತಮ್ಮ ತಲೆ ತಗ್ಗಿಸಿ ಅದನ್ನೂ ತೆರೆದ. ಕಾರಣ ಆಮೇಲೆ ಹೇಳಿದ. ಟ್ರೇಲರ್ ಕೊಂಡ ಮೊದಲ ಚಳಿಗಾಲ ಹಿಂಬದಿಯ ಆ ಒಂದು ನಲ್ಲಿ ಮರೆತುಹೋಗಿತ್ತು. ಮೊಣಕೈಯಷ್ಟು ಉದ್ದದ ಕೊಳವೆಯಲ್ಲಿ ಒಂದು ಲೋಟ ನೀರಿತ್ತೋ ಇಲ್ಲವೋ. ಮೇ ತಿಂಗಳಲ್ಲಿ ಪಂಪು ಹಾಕಿದಾಗ ಗೋಡೆಯೊಳಗಿಂದ ಸದ್ದು. ಹಲಗೆ ಕಿತ್ತು ನೋಡಿದರೆ ಕೀಲು ಸೀಳಿತ್ತು, ಒಳಗಿನ ಮರ ಆಗಲೇ ನೆನೆದು ಉಬ್ಬಿತ್ತು. ಒಂದು ಲೋಟ ನೀರು!

ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಅದನ್ನು ತಡೆಯುವ ಶಕ್ತಿ ಪ್ಲಾಸ್ಟಿಕ್ಕಿಗಿಲ್ಲ, ಹಿತ್ತಾಳೆಗೂ ಇಲ್ಲ. ಆದರೆ ಹಾಗೆ ಹಿಗ್ಗಿ ಹಗುರಾಗುವುದರಿಂದಲೇ ಮಂಜುಗಡ್ಡೆ ತೇಲುತ್ತದೆ. ತೇಲುವುದರಿಂದಲೇ ಕೆರೆ ಮೇಲಿನಿಂದ ಹೆಪ್ಪುಗಟ್ಟಿ ಅಡಿಯಲ್ಲಿ ಮೀನಿಗೆ ಜಾಗ ಉಳಿಯುತ್ತದೆ. ಅಜ್ಜನ ಮನೆಯ ಹಿಂದೆ ವರ್ಮಿಲಿಯನ್ ಸರೋವರವಿದೆ. ಜನವರಿಯಲ್ಲಿ ಅದರ ಮೇಲೆ ಪಿಕಪ್ ಓಡಿಸಿಕೊಂಡು ಹೋಗಿ, ಗಡ್ಡೆಗೆ ತೂತು ಕೊರೆದು, ಕೆಳಗೆ ಈಜುವ ಮೀನು ಹಿಡಿಯುತ್ತಾರಂತೆ. ತಮ್ಮನ ಗೋಡೆ ಸೀಳಿದ ಗುಣವೇ ಆ ಮೀನನ್ನು ಬದುಕಿಸಿದೆ ಎಂದು ಹೊಳೆದಾಗ ನಾನು ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟೆ.

ಖಾಲಿಯಾದ ಕೊಳವೆಗೆ ಈಗ ಗುಲಾಬಿ ಬಣ್ಣದ ದ್ರವ ತುಂಬುವುದು. ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ಆಂಟಿಫ್ರೀಜ್. ಕಾರಿನ ಎಂಜಿನ್ನಿಗೆ ಹಾಕುವುದು ಬೇರೆ, ಅದು ವಿಷ. ಕುಡಿಯುವ ನೀರಿನ ಕೊಳವೆಯ ಹತ್ತಿರ ಅದನ್ನು ತರಲೇಬಾರದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕ್ಯಾನಿನ ಮೇಲೆ ಮೈನಸ್ 50 ಫ್ಯಾರನ್‌ಹೀಟ್ ಎಂದು ಬರೆದಿರುತ್ತದೆ. ಅಜ್ಜ ತಂದಿಟ್ಟದ್ದು ಮೈನಸ್ 100ರದು. ಟವರಿನವರು ಮೈನಸ್ 60 ಕಂಡವರಲ್ಲವೇ! ಹಂಡೆಗೆ ಹೋಗುವ ದಾರಿಯನ್ನು ಕವಾಟ ತಿರುಗಿಸಿ ಮುಚ್ಚಿದರು, ಇಲ್ಲವಾದರೆ ದ್ರವವೆಲ್ಲ ಅದರ ಹೊಟ್ಟೆಗೇ ಸಾಲದು. ಪಂಪಿನ ಕೊಳವೆಯನ್ನು ಕ್ಯಾನಿಗೆ ಇಳಿಬಿಟ್ಟರು. ನಾನು ಅಡುಗೆಯ ನಲ್ಲಿಯ ಹತ್ತಿರ ನಿಂತೆ. ಕೆಮ್ಮಿತು, ಸೀನಿತು, ನೀರು ಉಗುಳಿತು. ಆಮೇಲೆ ಕುಂಕುಮ ಕದಡಿದ ಹಾಗೆ ಮಸುಕು ಗುಲಾಬಿ, ಆಮೇಲೆ ತುಂಬು ಗುಲಾಬಿ. "ಬಂತು!" ಎಂದು ಕೂಗಿದೆ. ಪ್ರತಿ ನಲ್ಲಿಗೂ ಒಂದು ಕೂಗು. ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗು ಕೊಳವೆಗಳಿಗೆ ಒಂದೊಂದು ಲೋಟ ಸುರಿದೆವು. ಈ ದ್ರವವೂ ದೊಡ್ಡ ಚಳಿಗೆ ಗಟ್ಟಿಯಾಗುತ್ತದೆ, ಆದರೆ ಕಲ್ಲಾಗುವುದಿಲ್ಲ. ಅಂಬಲಿಯಂತೆ ಮೆತ್ತಗಾಗಿ, ಕೊಳವೆಯನ್ನು ದೂಡದೆ ಕೂತಿರುತ್ತದೆ.

ಕೈ ತೊಳೆಯುವಾಗ ಅಜ್ಜ ಅಂಗಳದಂಚಿನ ಉದುರೆಲೆಗಳ ಕಡೆ ಕೈ ತೋರಿದರು. ಅಲ್ಲಿಯೂ ಇದೇ ಕೆಲಸ ನಡೆಯುತ್ತಿದೆ ಎಂದರು. ಎಲೆಗಳಡಿಯ ಕಾಡುಕಪ್ಪೆ ನೆಲದಾಳಕ್ಕೆ ಇಳಿಯುವುದಿಲ್ಲ. ಚರ್ಮಕ್ಕೆ ಮೊದಲ ಹರಳು ತಾಗುತ್ತಲೇ ಅದರ ಪಿತ್ತಜನಕಾಂಗ ಸಕ್ಕರೆ ಬಿಡತೊಡಗುತ್ತದೆ. ರಕ್ತದಲ್ಲಿ ಹರಿದ ಗ್ಲೂಕೋಸ್ ಜೀವಕೋಶಗಳ ಒಳಗನ್ನು ಕಾಯುತ್ತದೆ, ಮಂಜುಗಡ್ಡೆ ಕೋಶಗಳ ಹೊರಗೆ ಕಟ್ಟುತ್ತದೆ. ಮೈಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಡ್ಡೆ. ಉಸಿರಿಲ್ಲ, ಎದೆಬಡಿತವಿಲ್ಲ. ವಸಂತದಲ್ಲಿ ಕರಗಿ, ಎದೆ ಮತ್ತೆ ಮಿಡಿದು, ಕುಪ್ಪಳಿಸಿ ಹೋಗುತ್ತದೆ. ಅದೇ ಕಾಡಿನ ಬೂದು ಮರಗಪ್ಪೆ ಸಕ್ಕರೆಗಿಂತ ಗ್ಲಿಸರಿನ್ನನ್ನು ನೆಚ್ಚಿಕೊಂಡಿದೆ. ರಸಾಯನಶಾಸ್ತ್ರ ಓದಿದ ತಮ್ಮ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ: ನಮ್ಮ ಗುಲಾಬಿ ದ್ರವಕ್ಕೂ ಗ್ಲಿಸರಿನ್ನಿಗೂ ಒಂದೇ ಒಂದು ಆಮ್ಲಜನಕದ ಪರಮಾಣುವಿನ ವ್ಯತ್ಯಾಸ! ಕ್ಯಾನನ್ನೂ ಎಲೆರಾಶಿಯನ್ನೂ ನೋಡುತ್ತ ನಾನು ಮಾತಿಲ್ಲದೆ ಕೂತೆ. ಅಂಗಡಿಯವರಿಗೆ ಎಷ್ಟೋ ಮೊದಲು ಕಪ್ಪೆಗೆ ಇದು ತಿಳಿದಿತ್ತು.

ಒಳಗಿನ ಕೆಲಸ ನಮ್ಮಂಥವರಿಗೆ ಪರಿಚಿತವೇ. ಹಾಸಿಗೆಗಳನ್ನು ಗೋಡೆಗೊರಗಿಸಿ ನಿಲ್ಲಿಸುವುದು, ಫ್ರಿಜ್ಜನ್ನು ಒರೆಸಿ ಬಾಗಿಲಿಗೆ ಬಟ್ಟೆಮಡಿಕೆ ಸಿಕ್ಕಿಸಿ ತೆರೆದಿಡುವುದು, ಗ್ಯಾಸ್ ಸಿಲಿಂಡರ್ ಮುಚ್ಚುವುದು. ಬ್ಯಾಟರಿಯನ್ನು ಬಿಚ್ಚಿ ಜೊತೆಗೇ ಒಯ್ದೆವು. ತುಂಬಿದ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದೆ, ಬರಿದಾದದ್ದು ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಇಳಿದರೆ ಸಾಕು, ಒಳಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಇಲಿಯ ವಿಷಯದಲ್ಲಿ ಅಜ್ಜ ಬಹಳ ಗಂಭೀರ. ಪೆನ್ಸಿಲ್ ತೂರುವ ತೂತಿದ್ದರೆ ಇಲ್ಲಿನ ಇಲಿ ಒಳಗೆ ಬಂತೆಂದೇ ಲೆಕ್ಕ. ಪುದೀನ ಎಣ್ಣೆ, ಸುಗಂಧದ ಹಾಳೆ ಇಡುವವರಿದ್ದಾರೆ. ಅಜ್ಜ ಮಾತ್ರ ಅಂಗಾತ ಮಲಗಿ ಟ್ರೇಲರಿನಡಿ ತೂರಿ, ತಂತಿ ಕೊಳವೆ ಒಳಹೋಗುವ ಪ್ರತಿ ಸಂದಿಗೂ ಉಕ್ಕಿನ ನಾರು ತುರುಕಿದರು. ನಾನು ಡ್ರಾಯರ್ ತೆಗೆದು ರವೆಯ ಕಾಳುಗಳನ್ನೂ ಬಿಡದೆ ಗುಡಿಸಿದೆ. ಕೊನೆಯ ದಿನದ ಉಪ್ಪಿಟ್ಟಿನವು.

ಮಾಡಿನ ಮೇಲೆ ಏಣಿ ಹತ್ತಿ ನೋಡಿದ ತಮ್ಮನಿಗೆ ಗಾಳಿಕಿಂಡಿಯ ಸುತ್ತ ಅಂಟಿನ ಬಿರುಕು ಕಂಡಿತು. ಕೂದಲೆಳೆಯಷ್ಟು. ಅದರಲ್ಲಿ ಇಳಿದ ಹನಿ ರಾತ್ರಿ ಹೆಪ್ಪುಗಟ್ಟಿ ಬಿರುಕನ್ನು ಅಗಲಿಸುತ್ತದೆ, ಹಗಲು ಕರಗಿ ಇನ್ನಷ್ಟು ಇಳಿಯುತ್ತದೆ. ಹೊಸ ಅಂಟು ಎರೆದ. ಹಿಮದ ಭಾರವನ್ನೂ ಅಲ್ಲೇ ಕೂತು ಲೆಕ್ಕ ಹಾಕಿದೆವು. ಕರಗಿದರೆ ಹತ್ತು ಸೆಂಟಿಮೀಟರ್ ನೀರಾಗುವಷ್ಟು ಹಿಮ ಈ ಮಾಡಿನ ಮೇಲೆ ಕೂತರೆ ಸಾವಿರದ ಏಳುನೂರೈವತ್ತು ಕಿಲೋ! ಆಗಾಗ ಉದ್ದ ಹಿಡಿಯ ಮೆತ್ತನೆ ಪೊರಕೆಯಿಂದ ಎಳೆದು ಹಾಕುವುದಾಗಿ ಅಜ್ಜ ಒಪ್ಪಿಕೊಂಡರು. ಆದರೆ ಕಪ್ಪೆಯ ಮೇಲಿನ ಹಿಮವನ್ನು ಮುಟ್ಟಬಾರದು, ಅದು ಅದರ ಕಂಬಳಿ. ಮೇಲೆ ಗಾಳಿ ಮೈನಸ್ 40ರಲ್ಲಿದ್ದಾಗಲೂ ದಪ್ಪ ಹಿಮದಡಿಯ ಎಲೆರಾಶಿ ಶೂನ್ಯದಿಂದ ಕೆಲವೇ ಡಿಗ್ರಿ ಕೆಳಗಿರುತ್ತದೆ.

ಕೊನೆಗೆ ಹೊದಿಕೆ. ಅಂಗಡಿಯ ನೀಲಿ ತಾಡಪಾಲು ಹಾಕಿದರೆ ಸಾಲದೇ ಎಂದು ಕೇಳಿದವಳು ನಾನೇ, ಉತ್ತರವೂ ನನ್ನೊಳಗೇ ಇತ್ತು. ಹಸಿ ಅಡಿಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಬೆವರಿ ಬೂಷ್ಟು ಹಿಡಿಯುವುದಿಲ್ಲವೇ? ಟ್ರೇಲರೂ ಹಾಗೆಯೇ. ಜೊತೆಗೆ ಗಾಳಿಗೆ ಪಟಪಟ ಬಡಿದು ಬಡಿದು ಬಣ್ಣವನ್ನೇ ಉಜ್ಜಿ ತೆಗೆಯುತ್ತದೆ. ಇವರು ಹಾಕುವುದು ಉಸಿರಾಡುವ ಬಟ್ಟೆ. ನೀರು ಒಳಗಿಳಿಯದು, ಹಬೆ ಹೊರಹೋಗುತ್ತದೆ. ಮಾಡಿನ ಚೂಪು ಮೂಲೆಗಳಿಗೆ ಮೊದಲು ಹಳೆ ಸ್ಪಂಜು ಕಟ್ಟಿದೆವು. ಮೂವರೂ ಸೇರಿ ಬಟ್ಟೆ ಎಳೆದು, ಹೊಟ್ಟೆಯಡಿ ಪಟ್ಟಿ ಬಿಗಿದೆವು. ನನಗೆ ಮೇ ಕೊನೆಯ ನಮ್ಮ ತೋಟ ಕಣ್ಣಮುಂದೆ ಬಂತು. ಮಳೆ ಹಿಡಿಯುವ ಮೊದಲು ಮರ ಹತ್ತಿ ಒಂದೊಂದು ಅಡಿಕೆ ಕೊನೆಗೂ ಕೊಟ್ಟೆಯ ಹೊದಿಕೆ ಕಟ್ಟುವುದು, ಕೊಳೆರೋಗ ಬಾರದಿರಲಿ ಎಂದು. ಹಿಂದೆ ಕರಡದ ಕೊಟ್ಟೆ, ಈಗ ಪ್ಲಾಸ್ಟಿಕ್ಕಿನದು. ಕೆಳಬಾಯಿ ಮಾತ್ರ ಯಾವತ್ತೂ ತೆರೆದೇ ಇರಬೇಕು. ಅಜ್ಜನಿಗೆ ಇದನ್ನು ತಮ್ಮನಿಂದ ಹೇಳಿಸಿದೆ. ಅವರು ನನ್ನ ಗಂಟನ್ನು ಎಳೆದು ನೋಡಿ, ಬಿಚ್ಚದೆ ಹಾಗೇ ಬಿಟ್ಟರು.

ಮೇ ಮೊದಲ ವಾರ, ಸಾಗರದಲ್ಲಿ ಬೆಳಗ್ಗೆ ಆರೂವರೆ. ಹಿಂದಿನ ರಾತ್ರಿ ಒಂದು ಮಳೆ ಬಿದ್ದು ಅಂಗಳ ಹಸಿಯಾಗಿತ್ತು, ನಾನು ಕೊಟ್ಟೆಯ ಕಟ್ಟು ಎಣಿಸುತ್ತಿದ್ದೆ. ತಮ್ಮನ ವಿಡಿಯೊ ಕರೆ. ಅಲ್ಲಿ ಹಿಂದಿನ ದಿನದ ಸಂಜೆ ಎಂಟು, ಬೆಳಕಿನ್ನೂ ಇದೆ. ಟ್ರೇಲರಿನ ಅಡುಗೆ ನಲ್ಲಿ ತೆರೆದು ಫೋನನ್ನು ಹತ್ತಿರ ಹಿಡಿದ. ಗುಲಾಬಿ ಬಂತು, ಮಸುಕಾಯಿತು, ಆಮೇಲೆ ತಿಳಿನೀರು. ಎಲ್ಲ ಕೀಲುಗಳೂ ಒಣಗಿಯೇ ಇದ್ದವು, ಹಿಂಬದಿಯ ಷವರಿನದೂ. ಅಷ್ಟರಲ್ಲಿ ಅವನ ಹಿಂದಿನಿಂದ, ಜವುಗಿನ ಕಡೆಯಿಂದ, ಬಾತುಗಳು ಒಟ್ಟಾಗಿ ಗೊಣಗಿದಂಥ ಸದ್ದು.

"ಅಕ್ಕಾ, ಕೇಳ್ತಿದೆಯಾ? ಕಪ್ಪೆಗಳು," ಅಂದ.

"ನಲ್ಲಿ ನಿಲ್ಸು ಮಾರಾಯ, ಸರಿಯಾಗಿ ಕೇಳ್ಲಿ," ಅಂದೆ.