ಮಳೆಗಾಲದ ಕಡಲಿಗೆ ಯಾವ ಬಣ್ಣ?

ಮಾಕಳಿಯಲ್ಲಿ ಕೂತು ಕಡಲಿನ ಫೋಟೋ ಬಗ್ಗೆ ಬರೀತಾನಲ್ಲ ಇವನು ಅಂತ ನಗಬೇಡಿ. ಇಲ್ಲಿ ಕಾಣೋದು ತುಮಕೂರು ರಸ್ತೆ, ಲಾರಿಗಳ ಸಾಲು, ಅಷ್ಟೇ. ಆದ್ರೆ ಕರಾವಳಿಗೆ ಹೋಗೋ ರಾತ್ರಿ ಬಸ್ಸುಗಳೂ ಇದೇ ರಸ್ತೆ ಹಿಡಿದು ನೆಲಮಂಗಲ ದಾಟ್ತವೆ. ಶುಕ್ರವಾರ ಕೋಡು, ಬಗ್ಗು ಎಲ್ಲಾ ಹಾಗೇ ಬಿಟ್ಟು ಬಸ್ಸು ಹತ್ತಿದ್ರೆ, ಶಿರಾಡಿ ಘಾಟಿ ಕೃಪೆ ತೋರಿದ್ರೆ, ಮಾರನೇ ದಿನ ಬೆಳಿಗ್ಗೆ ಮರವಂತೆ. ನನ್ನ ರೂಂಮೇಟ್ ಮನೆ ಇರೋದು ಅಲ್ಲಿ. ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ಮಧ್ಯೆ ಹೆದ್ದಾರಿ. ಪ್ರವಾಸಿಗರು ಡಿಸೆಂಬರಿನಲ್ಲಿ ಬರ್ತಾರೆ. ನಾನು ಹೋಗೋದು ಜೂನ್-ಜುಲೈನಲ್ಲಿ, ಅಂದ್ರೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ 61 ದಿನ ನಿಷೇಧ ಇರೋ ಹೊತ್ತಲ್ಲಿ.

ಫೋಟೋ ತೆಗೆಯೋ ಕಷ್ಟ ಬೇಗ ಹೇಳಿ ಮುಗಿಸ್ತೀನಿ. ಹೋದ ತಕ್ಷಣ ಬ್ಯಾಗು ಬಿಚ್ಚಬೇಡಿ. ಹತ್ತು-ಹದಿನೈದು ನಿಮಿಷ ಸುಮ್ನೆ ನಿಂತು ನೋಡಿ, ದೊಡ್ಡ ತೆರೆಗಳು ಎಲ್ಲಿವರೆಗೆ ಬರ್ತವೆ ಅಂತ. ಆಮೇಲೆ ಅದಕ್ಕಿಂತ ಇನ್ನೂ ಹಿಂದೆ ನಿಲ್ಲಿ. ಕ್ಯಾಮೆರಾಕ್ಕೆ ತಲೆಗೆ ಹಾಕೋ ಶವರ್ ಕ್ಯಾಪ್ ಸಾಕು, ಸಾವಿರಾರು ರೂಪಾಯಿ ಮಳೆಕವಚ ಬೇಡ. ಲೆನ್ಸಿನ ಮೇಲೆ ಹಾರಿದ ಉಪ್ಪುನೀರನ್ನ ಒಣಬಟ್ಟೆಯಲ್ಲಿ ಉಜ್ಜಿದ್ರೆ ಗೀರು ಬೀಳುತ್ತೆ. ಮೊದಲು ಸಿಹಿನೀರಲ್ಲಿ ಅದ್ದಿದ ಬಟ್ಟೆ, ಆಮೇಲೆ ಒಣಗಿದ್ದು. ಶಟರ್ 1/1000 ಸೆಕೆಂಡಿಗೆ ಇಟ್ರೆ ತೆರೆ ಗಾಜಿನ ಚೂರಿನ ಹಾಗೆ ನಿಲ್ಲುತ್ತೆ. 1/4ಕ್ಕೆ ಇಟ್ರೆ ವಾಪಸ್ ಓಡೋ ನೀರು ಗೆರೆಗೆರೆಯಾಗುತ್ತೆ, ನನಗೆ ಇದೇ ಇಷ್ಟ. ಕಪ್ಪು ಫಿಲ್ಟರ್ ಹಾಕಿ 30 ಸೆಕೆಂಡ್ ತೆರೆದಿಟ್ರೋ, ಅಷ್ಟು ಅಬ್ಬರದ ಸಮುದ್ರ ಮಂಜಿನ ಹಾಗೆ ಮೆತ್ತಗಾಗಿಬಿಡುತ್ತೆ. ಬಿರುಗಾಳಿ ನೋಡೋಕೆ ಅಷ್ಟು ದೂರ ಹೋಗಿ ಅದನ್ನ ಮಲಗಿಸಿ ತರೋದು ಯಾಕೋ!

ನಿಜವಾದ ಜಗಳ ಶುರುವಾಗೋದು ರೂಮಿಗೆ ಬಂದು ಎಡಿಟ್ ಮಾಡೋಕೆ ಕೂತಾಗ. ಮಳೆಗಾಲದಲ್ಲಿ ನಮ್ಮ ಕಡಲು ದಡದ ಹತ್ತಿರ ನೀಲಿ ಇರಲ್ಲ ಸ್ವಾಮಿ, ಕಂದು. ಘಟ್ಟದಿಂದ ಇಳಿಯೋ ಹೊಳೆಗಳು ಕೆಂಪುಮಣ್ಣು ತಂದು ಸುರೀತವೆ, ತೆರೆಗಳು ತಳದ ಕೆಸರು, ಮರಳು ಎಲ್ಲಾ ಕಲಕ್ತವೆ. ಹಾಲು ಕಮ್ಮಿಯಾದ ಚಹಾ ಅನ್ನಿ. ನೊರೆ ಕೂಡ ಪೂರ್ತಿ ಬಿಳಿ ಅಲ್ಲ. ಆದ್ರೆ ನಾವು ನೋಡಿ ಕಲಿತ ಬಿರುಗಾಳಿ ಚಿತ್ರಗಳೆಲ್ಲ ತಣ್ಣನೆ ದೇಶದವು: ಉಕ್ಕಿನ ನೀಲಿ, ಕಪ್ಪು ಮೋಡ, ಒಂಟಿ ಲೈಟ್‌ಹೌಸು. ಕೈ ತಾನಾಗೇ ಕಲರ್ ಟೆಂಪರೇಚರನ್ನ ನೀಲಿ ಕಡೆ ಎಳೆಯುತ್ತೆ, ಡೀಹೇಜ್ ಅನ್ನ 60ಕ್ಕೆ ಏರಿಸುತ್ತೆ. ಎರಡೇ ನಿಮಿಷದಲ್ಲಿ ಮರವಂತೆ ಐಸ್‌ಲ್ಯಾಂಡ್ ಆಗಿರುತ್ತೆ.

ಎಡಿಟ್ ಮಾಡೋದೇ ಮೋಸ ಅನ್ನೋ ಪೈಕಿ ನಾನಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ತೆಗೆದು, ದಿಗಂತದಲ್ಲಿ ಸೇರಿಸಿ ಪ್ರಿಂಟ್ ಹಾಕ್ತಿದ್ದ. ಆಗಿನ ಪ್ಲೇಟಿಗೆ ನೀಲಿ ಬೆಳಕು ಅತಿಯಾಗಿ ತಾಗ್ತಿತ್ತು. ನೀರಿಗೆ ಸರಿಯಾಗಿ ಬೆಳಕು ಬಿಟ್ರೆ ಆಕಾಶ ಖಾಲಿ ಬಿಳಿ. 2020ರಲ್ಲಿ ಫೋಟೋಶಾಪಿಗೆ ಆಕಾಶ ಬದಲಿಸೋ ಗುಂಡಿ ಬಂದಾಗ ಅಯ್ಯೋ ಕಲಿಗಾಲ ಅಂದವರಿಗೆ ಈ ಕಥೆ ಹೇಳಬೇಕು. ಆದ್ರೂ ಅವನು ಮಾಡಿದ್ದು ಕಣ್ಣಿಗೆ ಕಂಡಿದ್ದನ್ನ ಪ್ಲೇಟು ಹಿಡೀದೇ ಇದ್ದದ್ದಕ್ಕೆ. ನಮ್ಮ ಕ್ಯಾಮೆರಾ ಕಂದು ಬಣ್ಣವನ್ನ ಚೆನ್ನಾಗೇ ಹಿಡಿದಿರುತ್ತೆ, ನಮಗೇ ಅದು ಬೇಡ.

ಕಳೆದ ಮಳೆಗಾಲ ಒಂದೇ ಫೋಟೋವನ್ನ ಎರಡು ಥರ ಮಾಡಿ ರೂಂಮೇಟ್ ಅಮ್ಮನಿಗೆ ತೋರಿಸ್ದೆ. ಒಂದು ನೀಲಿ, ಅದರಲ್ಲಿ ದಡಕ್ಕೆ ಸುರಿದ ಕರೀಬಂಡೆಗಳ ತಡೆಗೋಡೆಯನ್ನೂ ಅಳಿಸಿದ್ದೆ, ಫ್ರೇಮಿಗೆ ಅಡ್ಡ ಅಂತ. ಇನ್ನೊಂದು ಇದ್ದ ಹಾಗೇ ಕಂದು.

ಅಮ್ಮ ನೀಲಿಯದನ್ನ ನೋಡಿ, "ಇದ್ ಯಾವೂರ್ ಕಡ್ಲ್ ಮಗಾ? ಚೆಂದ ಇತ್ತ್" ಅಂದ್ರು. ಕಂದು ಫೋಟೋ ಬಂದ ಕೂಡ್ಲೇ ಕನ್ನಡಕ ಹಾಕ್ಕೊಂಡ್ರು. ಬಂಡೆಗಳ ಸಾಲಿನ ತುದಿಗೆ ಬೆರಳಿಟ್ಟು, ಅಲ್ಲಿ ತಮ್ಮ ನಾಲ್ಕು ತೆಂಗಿನಮರ ಇದ್ದವು, ಮೂರು ಒಂದೇ ವಾರದಲ್ಲಿ ಹೋದವು ಅಂತ ತೋರಿಸಿದ್ರು. ಮತ್ತೆ ನೀಲಿಯದಕ್ಕೆ ವಾಪಸ್ ಹೋಗಿ, "ಇದ್ರಂಗೆ ಕಲ್ಲೇ ಇಲ್ಯಲಾ, ಕಲ್ಲಿಲ್ದಿದ್ರೆ ನಮ್ಮನಿ ಎಲ್ಲಿರ್ತಿತ್ತ್?" ಅಂದ್ರು. ಬೈದಿದ್ದಲ್ಲ, ನಗ್ತಾನೇ ಕೇಳಿದ್ದು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಬಿದ್ದ ಟಗ್‌ನಿಂದ ಒಂಬತ್ತು ಜನರನ್ನ ಕೋಸ್ಟ್‌ಗಾರ್ಡ್, ನೌಕಾಪಡೆಯವರು ಸೇರಿ ಪಾರುಮಾಡಿದ್ರು. ಮಗುಚಿದ ಇನ್ನೊಂದು ಟಗ್‌ನಲ್ಲಿದ್ದವರು ಎಲ್ಲರೂ ಉಳೀಲಿಲ್ಲ. ಆ ದಿನಗಳ ಸಮುದ್ರಕ್ಕೆ ಡ್ರಾಮಾ ತುಂಬೋಕೆ ಯಾವ ಸ್ಲೈಡರ್ ಬೇಕಿತ್ತು ಹೇಳಿ?

ಈಗ ನನ್ನ ಪದ್ಧತಿ ಇಷ್ಟು. ದಿಗಂತ ನೇರ ಮಾಡ್ತೀನಿ, ಸುಟ್ಟುಹೋಗೋ ನೊರೆಯ ಬಿಳುಪು ಇಳಿಸ್ತೀನಿ, ಮೋಡದ ಪದರ ಕಾಣೋಷ್ಟು ಕಾಂಟ್ರಾಸ್ಟ್ ಕೊಡ್ತೀನಿ. ಲೆನ್ಸಿನ ಮೇಲಿನ ಹನಿ ಅಳಿಸ್ತೀನಿ, ಬಂಡೆ ಅಳಿಸಲ್ಲ. ಬಣ್ಣ ಮುಟ್ಟಲ್ಲ. ಲೈಕು ಅರ್ಧಕ್ಕರ್ಧ ಕಮ್ಮಿಯಾಗಿದೆ, ಸುಳ್ಳು ಯಾಕೆ ಹೇಳ್ಲಿ :)

ಆ ಕಂದು ಫೋಟೋ ಪ್ರಿಂಟ್ ಹಾಕಿಸೋಕೆ ಯಶವಂತಪುರಕ್ಕೆ ಹೋದಾಗ ಲ್ಯಾಬ್ ಹುಡುಗ, "ಸಾರ್, ಕಲರ್ ಹೋಗ್ಬಿಟ್ಟಿದೆ, ಸರಿ ಮಾಡ್ಲಾ?" ಅಂದ. ಬೇಡಪ್ಪಾ, ಹಾಗೇ ಇರ್ಲಿ ಅಂದೆ. ಅದೀಗ ಮರವಂತೆ ಮನೆಯ ಜಗಲಿಯಲ್ಲಿದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಹೋಗೋನಿದ್ದೀನಿ, ಬರೋರಿದ್ರೆ ಹೇಳಿ. ಶವರ್ ಕ್ಯಾಪ್ ನಾನೇ ತರ್ತೀನಿ.