ಬಿತ್ತೋ, ಬೀಳಿಸಿದೆಯೋ?

ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ಏನಾದರೂ ಸದ್ದಾದರೆ ನಾನು ಮೊದಲು ಕೂಗಿ ಹೇಳುತ್ತಿದ್ದುದು ಒಂದೇ ಮಾತು: ‘ಲೋಟ ಬಿತ್ತು.’ ಅಮ್ಮ ನಡುಮನೆಯಿಂದಲೇ ಕೇಳುತ್ತಿದ್ದಳು, ‘ಬಿತ್ತೋ, ಬೀಳಿಸಿದೆಯೋ?’ ಮುಂದೆ ಭಾಷಾವಿಜ್ಞಾನದ ಎಂಎ ತರಗತಿಯಲ್ಲಿ ಅಕರ್ಮಕ, ಸಕರ್ಮಕ, ಪ್ರೇರಣಾರ್ಥಕ ಎಂದು ಓದುವಾಗ ಹೊಸದೇನೂ ಅನ್ನಿಸಲಿಲ್ಲ. ಎಲ್ಲವೂ ಅಮ್ಮನ ಪ್ರಶ್ನೆಯಲ್ಲೇ ಇತ್ತು.

ಈಗ ಪವಾಯಿಯಲ್ಲಿದ್ದೇನೆ. ಕೆರೆ ಕಾಣುವ ಮನೆಯಲ್ಲ. ಕೆರೆ ಕಾಣುವ ಕಟ್ಟಡಗಳ ಹಿಂದಿನ ಮನೆ. ಪುಸ್ತಕದ ಅನುವಾದದಿಂದ ಇಲ್ಲಿನ ಬಾಡಿಗೆ ಹುಟ್ಟುವುದಿಲ್ಲ. ಹಾಗಾಗಿ ಪಿಆರ್ ಏಜೆನ್ಸಿಗಳ ಪತ್ರಿಕಾ ಪ್ರಕಟಣೆಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಪದಕ್ಕಿಷ್ಟು ಎಂದು ಲೆಕ್ಕ. ಹೊಸ ಶೋರೂಮು, ಹಬ್ಬದ ರಿಯಾಯಿತಿ, ಬ್ಯಾಂಕಿನ ಲಾಭ. ಯಾರಿಗೂ ನೋವಾಗದ ಕೆಲಸ ಅಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ತುರ್ತಾಗಿ ಒಂದು ಪ್ರಕಟಣೆ ಬಂತು. ಕರ್ನಾಟಕದ ಒಂದು ಊರಿನ ಕಾರ್ಖಾನೆಯಲ್ಲಿ ಅನಿಲ ಸೋರಿ, ಕೆಲಸಗಾರರೂ ಅಕ್ಕಪಕ್ಕದ ಮನೆಗಳವರೂ ಆಸ್ಪತ್ರೆ ಸೇರಿದ್ದರು. ಇಂಗ್ಲಿಷ್ ಪ್ರತಿಯಲ್ಲಿ ಅನಿಲವೂ ಇರಲಿಲ್ಲ, ಸೋರಿಕೆಯೂ ಇರಲಿಲ್ಲ. ಒಂದು ‘ಘಟನೆ’ ನಡೆದಿತ್ತು, ಕೆಲವರನ್ನು ‘ಮುನ್ನೆಚ್ಚರಿಕೆಯಾಗಿ’ ತಪಾಸಣೆಗೆ ಕಳಿಸಲಾಗಿತ್ತು, ಕಂಪನಿಗೆ ‘ವಿಷಾದ’ವಿತ್ತು. ನಾನು ‘ಅನಿಲ ಸೋರಿಕೆ’ ಎಂದೇ ಬರೆದು ಕಳಿಸಿದೆ.

ಹತ್ತು ನಿಮಿಷಕ್ಕೆ ಏಜೆನ್ಸಿಯ ಹುಡುಗಿಯ ಫೋನು. ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಮನೆಮಾತು ತುಳು. ‘ಅಕ್ಕಾ, ಸೋರಿಕೆ ಬೇಡ. ಅವರ ಲೀಗಲ್‌ನವರು ಒಪ್ಪಲ್ಲ. ಒರಿಜಿನಲ್‌ನಲ್ಲಿ ಇರೋದನ್ನೇ ಹಾಕಿ.’

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಅನುವಾದಕಿ ಮೂಲದಲ್ಲಿಲ್ಲದ್ದನ್ನು ಸೇರಿಸಬಾರದು ಎನ್ನುವುದು ನನ್ನ ವೃತ್ತಿಯ ನಿಯಮವೇ. ‘ಸರಿ, ಆದರೆ ಅಲ್ಲಿಯ ಜನಕ್ಕೆ ಉಪಯೋಗವಾಗುವ ಒಂದು ಸಾಲೂ ಇದರಲ್ಲಿಲ್ಲವಲ್ಲ? ಕಣ್ಣು ಉರಿದರೆ ಯಾರಿಗೆ ಫೋನು ಮಾಡಬೇಕು?’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹನ್ನೊಂದರ ಹೊತ್ತಿಗೆ ಒಂದು ಸಹಾಯವಾಣಿ ಸಂಖ್ಯೆ ಬಂತು. ಅದಕ್ಕಾಗಿ ಅವಳು ಯಾರ ಜೊತೆ ಜಗಳವಾಡಿದಳೋ ಗೊತ್ತಿಲ್ಲ. ನಾನು ಸಂಖ್ಯೆ ಸೇರಿಸಿದೆ, ‘ಸೋರಿಕೆ’ ತೆಗೆದೆ.

ಈ ವೃತ್ತಿಗೆ ನೀತಿಸಂಹಿತೆ ಇಲ್ಲವೆಂದಲ್ಲ. ಅಂತರರಾಷ್ಟ್ರೀಯ ಪಿಆರ್ ಸಂಘ 1965ರಲ್ಲಿ ಅಥೆನ್ಸಿನಲ್ಲಿ ಒಂದನ್ನು ಒಪ್ಪಿಕೊಂಡಿತು. ನಮ್ಮ ದೇಶದ ಸಂಘ 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ನೀತಿಸಂಹಿತೆಯನ್ನು ಅಂಗೀಕರಿಸಿತು. ಸತ್ಯವನ್ನು ಬೇರೆ ಅಗತ್ಯಗಳಿಗೆ ಅಡಿಯಾಳಾಗಿಸಬಾರದು ಎಂದು ಅಥೆನ್ಸ್ ಸಂಹಿತೆ ಹೇಳುತ್ತದೆ. ದೊಡ್ಡ ತಪ್ಪಿಗೆ ಶಿಕ್ಷೆಯೂ ಆಗಿದೆ. ಸಹಾರನ್‌ಪುರ ಮೂಲದ ಗುಪ್ತಾ ಕುಟುಂಬದ ಪರವಾಗಿ ದಕ್ಷಿಣ ಆಫ್ರಿಕಾದಲ್ಲಿ ಜನಾಂಗ ದ್ವೇಷ ಕೆರಳಿಸುವ ಪ್ರಚಾರ ನಡೆಸಿದ ಲಂಡನ್ನಿನ ಬೆಲ್ ಪಾಟಿಂಜರ್ ಸಂಸ್ಥೆಯನ್ನು ಅಲ್ಲಿನ ವೃತ್ತಿಸಂಘ 2017ರಲ್ಲಿ ಹೊರಹಾಕಿತು. ಕೆಲವೇ ದಿನಗಳಲ್ಲಿ ಸಂಸ್ಥೆಯೇ ಕುಸಿಯಿತು. ಆದರೆ ನನ್ನ ಆ ರಾತ್ರಿಯ ಪ್ರಕಟಣೆಯಲ್ಲಿ ಸುಳ್ಳೆಂದು ಬೊಟ್ಟು ಮಾಡಬಹುದಾದ ಸಾಲು ಒಂದೂ ಇರಲಿಲ್ಲ. ಘಟನೆ ನಡೆದದ್ದು ನಿಜ. ತಪಾಸಣೆಗೆ ಕಳಿಸಿದ್ದು ನಿಜ. ಕಾಣೆಯಾಗಿದ್ದುದು ಕರ್ತೃಪದ ಮಾತ್ರ.

ಮರುದಿನ ಬೆಳಿಗ್ಗೆ ಶಿವಮೊಗ್ಗದಿಂದ ಅಮ್ಮನ ಫೋನು ಬಂತು. ಪೇಪರಿನಲ್ಲಿ ನೋಡಿದೆ ಎಂದು ಓದಿ ಹೇಳಿದಳು. ಪೂರ್ತಿ ನನ್ನದೇ ವಾಕ್ಯ, ಅಲ್ಪವಿರಾಮ ಕೂಡ ನನ್ನದೇ. ಓದಿ ಮುಗಿಸಿ, ‘ಯಾರೂ ಏನೂ ಮಾಡಿಲ್ವಂತೆ ಕಣೇ. ತಾನಾಗೇ ಆಯ್ತಂತೆ’ ಅಂದಳು. ಬರೆದವಳು ನಾನು ಎಂದು ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಬಿಟ್ಟ ಪದ ಓದುಗರಿಗೆ ಕಾಣುವುದಿಲ್ಲ ಎಂದು ಪಿಆರ್‌ನವರು ನಂಬುತ್ತಾರೆ. 2025ರ ಜೂನಿನಲ್ಲಿ ಕಮಲ್ ಹಾಸನ್ ವಿಷಯ ನೆನಪಿಸಿಕೊಳ್ಳಿ. ಕನ್ನಡ ತಮಿಳಿನಿಂದ ಹುಟ್ಟಿತು ಎಂಬ ಅವರ ಮಾತು ಭಾಷಾವಿಜ್ಞಾನದ ಪ್ರಕಾರ ತಪ್ಪು; ಎರಡೂ ಒಂದೇ ಮೂಲದಿಂದ ಕವಲೊಡೆದ ಅಕ್ಕತಂಗಿಯರು. ಫಿಲ್ಮ್ ಚೇಂಬರ್‌ಗೆ ಅವರು ಬರೆದ ಪತ್ರದಲ್ಲಿ ಕನ್ನಡದ ಮೇಲಿನ ಪ್ರೀತಿಯೆಲ್ಲ ಇತ್ತು, ಕ್ಷಮೆ ಎಂಬ ಒಂದು ಪದ ಇರಲಿಲ್ಲ. ಅದನ್ನು ಹೈಕೋರ್ಟ್ ಕೂಡ ಗಮನಿಸಿತು. ಆದರೆ ಸುಪ್ರೀಂ ಕೋರ್ಟ್, ಕ್ಷಮೆ ಕೇಳಿಸುವುದು ನ್ಯಾಯಾಲಯದ ಕೆಲಸವಲ್ಲ ಎಂದಿತು. ಅದೂ ಸರಿಯೇ. ಬಲವಂತಕ್ಕೆ ಬರೆದ ಕ್ಷಮೆಯೂ ಇನ್ನೊಂದು ಪ್ರಕಟಣೆಯಷ್ಟೇ.

ಹಾಗಾದರೆ ಎಲ್ಲ ತಪ್ಪೂ ಅಕರ್ಮಕ ಕ್ರಿಯಾಪದದ್ದೇ? ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಕನ್ನಡದಲ್ಲಿ ನಾವು ನಿಜವಾಗಿ ಕ್ಷಮೆ ಕೇಳುವಾಗ ಹೇಳುವುದು ಏನು? ‘ತಪ್ಪಾಯಿತು.’ ಅಲ್ಲೂ ಕರ್ತೃವಿಲ್ಲ! ಆದರೂ ಅದನ್ನು ಯಾರೂ ನುಣುಚಿಕೊಳ್ಳುವ ಮಾತು ಎನ್ನುವುದಿಲ್ಲ. ಹೇಳುವವರು ಎದುರಿಗೆ ನಿಂತಿರುತ್ತಾರೆ. ಬೈಯಿಸಿಕೊಳ್ಳಲು, ತುಂಬಿಕೊಡಲು ತಯಾರಾಗಿರುತ್ತಾರೆ. ವ್ಯಾಕರಣ ಬಿಟ್ಟ ಜಾಗವನ್ನು ಆ ಮನುಷ್ಯ ತುಂಬುತ್ತಾನೆ. ಪ್ರಕಟಣೆಯ ಹಿಂದೆ ಹಾಗೆ ನಿಲ್ಲುವವರು ಯಾರೂ ಇಲ್ಲ. ಕಂಪನಿ ಏಜೆನ್ಸಿಯ ಹಿಂದೆ, ಏಜೆನ್ಸಿ ಲೀಗಲ್‌ನವರ ಹಿಂದೆ, ನಾನು ‘ಮೂಲ’ದ ಹಿಂದೆ.

ಆ ಕೆಲಸ ಬಿಟ್ಟಿಲ್ಲ, ಬಾಡಿಗೆ ಹಾಗೇ ಇದೆ. ಆದರೆ ಜನರಿಗೆ ಪೆಟ್ಟಾದ ಸುದ್ದಿ ಬಂದರೆ ಮೊದಲೇ ಎರಡು ಪ್ರಶ್ನೆ ಕೇಳುತ್ತೇನೆ: ಏನಾಯಿತೆಂದು ಸ್ಪಷ್ಟವಾಗಿ ಬರೆಯಬಹುದೇ? ಯಾರನ್ನು ಸಂಪರ್ಕಿಸಬೇಕೆಂದು ಇದೆಯೇ? ಇಲ್ಲವೆಂದರೆ ವಾಪಸ್ ಕಳಿಸುತ್ತೇನೆ. ಇದುವರೆಗೆ ಮೂರು ವಾಪಸ್ ಹೋಗಿವೆ. ಮೂರನ್ನೂ ಬೇರೆ ಯಾರೋ ಮಾಡಿಕೊಟ್ಟಿರುತ್ತಾರೆ. ಆ ಹುಡುಗಿ ಈಗ ಬೇರೆ ಏಜೆನ್ಸಿಯಲ್ಲಿದ್ದಾಳೆ. ಅವಳು ಕಳಿಸುವ ಪ್ರತಿಗಳಲ್ಲಿ ಸಹಾಯವಾಣಿ ಸಂಖ್ಯೆ ನಾನು ಕೇಳುವ ಮೊದಲೇ ಇರುತ್ತದೆ.