ಆಕಾಶದ ಒಡೆತನ

ಆಕಾಶವು ಒಂದು, ನಿತ್ಯ, ಸರ್ವವ್ಯಾಪಿ ಎಂದು ತರ್ಕಶಾಸ್ತ್ರವು ಹೇಳುತ್ತದೆ. ಗಡಿಗೆಯೊಳಗಿನ ಆಕಾಶ, ಮಠದೊಳಗಿನ ಆಕಾಶ ಎಂದು ನಾವು ಬೇರೆಬೇರೆಯಾಗಿ ವ್ಯವಹರಿಸುವುದು ಕೇವಲ ಉಪಾಧಿಯಿಂದ. ಗಡಿಗೆಯೊಡೆದರೆ ಒಳಗಿನದು, ಹೊರಗಿನದು ಎಂಬ ಭೇದವೇ ಉಳಿಯದು. ಪಾಠಶಾಲೆಯಲ್ಲಿ ಇದನ್ನು ಉರುಹಾಕಿ, ಅನಂತರ ಬಹುಕಾಲ ಹುಡುಗರಿಗೆ ಹೇಳಿಕೊಟ್ಟ ನಾನು, ಮುಪ್ಪಿನಲ್ಲಿ, ಆಕಾಶವನ್ನು ಅಳೆದು ಪಾಲುಮಾಡಿ ಕ್ರಯಪತ್ರ ಬರೆದು ಮಾರುವ ಪಟ್ಟಣವೊಂದನ್ನು ಕಣ್ಣಾರೆ ಕಂಡುಬಂದೆನು. ಅದು ನ್ಯೂಯಾರ್ಕು.

ಕೆಲಸದಿಂದ ನಿವೃತ್ತನಾದ ಮೇಲೆ, ಮಗನ ಬಲವಂತಕ್ಕೆ ಕಟ್ಟುಬಿದ್ದು, ಹಡ್ಸನ್ ನದಿಯ ಪಶ್ಚಿಮ ತೀರದ ಜರ್ಸಿ ಸಿಟಿಯಲ್ಲಿ ಆರು ತಿಂಗಳು ಇದ್ದೆನು. ಅಲ್ಲಿಂದ ಷಿಕಾಗೊ, ವಾಷಿಂಗ್‌ಟನ್, ಫಿಲಡೆಲ್ಫಿಯಗಳನ್ನೂ ಕೆನಡ ದೇಶದ ವ್ಯಾಂಕೂವರನ್ನೂ ನೋಡುವ ಸಂದರ್ಭ ಒದಗಿತು. ಊರಿನ ಕಟ್ಟಡಗಳ ನೆತ್ತಿಗಳೆಲ್ಲ ಕೂಡಿ ಬಾನಿನ ಮೇಲೆ ಎಳೆಯುವ ಗೆರೆಗೆ ಅಲ್ಲಿಯವರು ‘ಸ್ಕೈಲೈನ್’ ಎನ್ನುವರು. ನಾವು ಗಗನರೇಖೆ ಎನ್ನಬಹುದು. ಅದು ಬರಿಯ ಹಣದ ಗೆರೆಯೆಂದು ಹೇಳುವವರುಂಟು. ಹಣವೊಂದೇ ಕಾರಣವಾಗಿದ್ದ ಪಕ್ಷದಲ್ಲಿ ಸಿರಿವಂತ ಊರುಗಳ ಗೆರೆಗಳೆಲ್ಲ ಒಂದೇ ಬಗೆಯಾಗಿರಬೇಕಾಗಿತ್ತು. ಹಾಗಿಲ್ಲ. ‘ನಮ್ಮ ತಲೆಯ ಮೇಲಿನ ಆಕಾಶ ಯಾರದು?’ ಎಂಬ ಪ್ರಶ್ನೆಗೆ ಒಂದೊಂದು ಊರು ಒಂದೊಂದು ಕಾಲದಲ್ಲಿ ಕೊಟ್ಟ ಉತ್ತರವೇ ಅದರ ಗಗನರೇಖೆಯೆಂದು ನನ್ನ ಭಾವನೆ.

ಎತ್ತರದ ಕಟ್ಟಡಗಳ ತೌರುಮನೆ ಷಿಕಾಗೊ. ೧೮೯೩ ರಲ್ಲಿ ವಿವೇಕಾನಂದರು ಭಾಷಣಮಾಡಿದ ಊರೆಂದು ಅದರ ಹೆಸರು ನಮ್ಮವರಿಗೆ ಚೆನ್ನಾಗಿ ಪರಿಚಿತವಾದುದೇ. ೧೮೭೧ ರಲ್ಲಿ ಅದರ ನಡುಭಾಗವೆಲ್ಲ ಬೆಂಕಿಗೆ ಆಹುತಿಯಾಯಿತು. ಹೊಸದಾಗಿ ಕಟ್ಟುವಾಗ ನೆಲದ ಬೆಲೆ ಏರಿ, ಮೇಲಕ್ಕೆ ಬೆಳೆಯದೆ ಗತಿಯಿಲ್ಲವಾಯಿತು. ಇದಕ್ಕೆ ಮೊದಲೇ, ೧೮೫೪ ರಲ್ಲಿ, ಓಟಿಸ್ ಎಂಬಾತನು ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ, ತಾನು ನಿಂತಿದ್ದ ಏರುತೊಟ್ಟಿಲಿನ ಹಗ್ಗವನ್ನು ಕಡಿಯಿಸಿ, ತೊಟ್ಟಿಲು ಬೀಳದೆ ನಿಲ್ಲುವುದನ್ನು ಜನಕ್ಕೆ ತೋರಿಸಿದ್ದನು. ಹತ್ತುವ ಭಯ ಹೀಗೆ ಹೋಯಿತು. ಹೊರುವ ಚಿಂತೆ ಉಳಿಯಿತು. ಗೋಡೆಯೇ ಭಾರ ಹೊರಬೇಕಾದರೆ ಎತ್ತರ ಹೆಚ್ಚಿದಷ್ಟೂ ಅದು ದಪ್ಪವಾಗಬೇಕು. ೧೮೯೧ ರ ಮೊನಾಡ್‌ನಾಕ್ ಕಟ್ಟಡ ಇಂದಿಗೂ ಅಲ್ಲಿದೆ. ೧೬ ಅಂತಸ್ತುಗಳ ಇಟ್ಟಿಗೆಯ ಭಾರವನ್ನು ಹೊರಲು ಅದರ ಬುಡದ ಗೋಡೆ ೬ ಅಡಿ ದಪ್ಪ. ಆದರೆ ೧೮೮೫ ರಲ್ಲಿಯೇ ಜೆನ್ನಿಯೆಂಬ ಶಿಲ್ಪಿಯು ಕಬ್ಬಿಣ ಉಕ್ಕುಗಳ ಅಸ್ಥಿಪಂಜರವನ್ನು ನಿಲ್ಲಿಸಿ, ಅದರ ಮೇಲೆ ೧೦ ಅಂತಸ್ತಿನ ಕಟ್ಟಡವನ್ನು ಹೊದಿಸಿದ್ದನು. ೧೯೩೧ ರಲ್ಲಿ ಅದನ್ನು ಕೆಡವಿದರು. ಅದರ ಸಂತತಿ ಮಾತ್ರ ಲೋಕವನ್ನೆಲ್ಲ ತುಂಬಿದೆ. ಆ ವಂಶದಲ್ಲಿ ನಮ್ಮ ಕಡೆಯವರ ಕೈಯೂ ಉಂಟು. ಪೂರ್ವಬಂಗಾಳದಲ್ಲಿ ಹುಟ್ಟಿ, ಕಲ್ಕತ್ತೆಯ ಬಳಿಯ ಶಿಬಪುರದಲ್ಲಿಯೂ ಢಾಕಾದಲ್ಲಿಯೂ ಓದಿದ ಫಜ್ಲುರ್ ರಹಮಾನ್ ಖಾನರು, ಒಂಬತ್ತು ಚೌಕದ ಕೊಳವೆಗಳನ್ನು ಕಟ್ಟಿಗೆಯ ಹೊರೆಯಂತೆ ಒಟ್ಟುಗೂಡಿಸಿ, ಗಾಳಿಗೆ ಬಾಗದ ೧೧೦ ಅಂತಸ್ತುಗಳ ಸಿಯರ್ಸ್ ಗೋಪುರದ ಕಟ್ಟೋಣವನ್ನು ಯೋಚಿಸಿದರು. ೧,೪೫೦ ಅಡಿಯ ಆ ಗೋಪುರವು ೧೯೭೪ ರಲ್ಲಿ ಮುಗಿಯಿತು. ಅದರ ಈಗಿನ ಹೆಸರು ವಿಲ್ಲಿಸ್ ಗೋಪುರ.

ಇಷ್ಟು ಎತ್ತರಕ್ಕೆ ಹಾರಿದ ಊರಿನ ಎದುರಿಗೇ, ಮಿಷಿಗನ್ ಸರೋವರದ ದಡದಲ್ಲಿ, ವಿಶಾಲವಾದ ಬಯಲು ಉದ್ಯಾನವಿದೆ. ೧೮೩೬ ರ ನಕ್ಷೆಯಲ್ಲಿ ಆ ಸ್ಥಳವನ್ನು ಕಟ್ಟಡವಿಲ್ಲದೆ ಎಂದೆಂದಿಗೂ ತೆರೆದಿಡತಕ್ಕದ್ದೆಂದು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಮುಂದೆ ಪುರಸಭೆಯವರೂ ದೊಡ್ಡಮನುಷ್ಯರೂ ಅಲ್ಲಿ ಕಟ್ಟಲು ಹೊರಟಾಗ, ಮಾಂಟ್‌ಗೊಮರಿ ವಾರ್ಡ್ ಎಂಬ ವರ್ತಕನು ಆ ಒಂದು ಸಾಲನ್ನು ಹಿಡಿದು, ೧೮೯೦ ರಿಂದ ಸುಮಾರು ೨೦ ವರ್ಷ ನ್ಯಾಯಸ್ಥಾನದಲ್ಲಿ ಹೋರಾಡಿ ಗೆದ್ದನು. ಊರಿನ ಏಳಿಗೆಗೆ ಅಡ್ಡಬಂದವನೆಂದು ಬದುಕಿದ್ದಾಗ ಬೈಸಿಕೊಂಡನು. ಇಂದು ಆ ದಡದಲ್ಲಿ ನಿಂತು ಗಗನರೇಖೆಯನ್ನು ನೋಡಿ ಹಿಗ್ಗುವವರೆಲ್ಲರೂ ನೋಡುತ್ತಿರುವುದು ಆತನು ಉಳಿಸಿಕೊಟ್ಟ ಬಯಲಿನಿಂದ.

ನ್ಯೂಯಾರ್ಕಿನ ಉತ್ತರ ಬೇರೆ. ಅಲ್ಲಿ ೧೯೧೫ ರಲ್ಲಿ, ಒಂದು ಎಕರೆಗೂ ಕಡಮೆಯಾದ ನೆಲದ ಮೇಲೆ, ಸುಮಾರು ೧೨ ಲಕ್ಷ ಚದರಡಿಯ ಈಕ್ವಿಟಬಲ್ ಕಟ್ಟಡ ನೆಟ್ಟಗೆ ಎದ್ದು ನಿಂತು, ಸುತ್ತಲಿನ ಬೀದಿಗಳಿಗೆ ಕತ್ತಲು ಕವಿಯಿತು. ಮರುವರ್ಷವೇ ಶಾಸನವಾಯಿತು: ಕಟ್ಟಡವು ಮೇಲೇರಿದಂತೆ ಹಿಂದಕ್ಕೆ ಸರಿಯಬೇಕು, ನಿವೇಶನದ ಕಾಲುಭಾಗದ ಮೇಲೆ ಮಾತ್ರ ಎಷ್ಟು ಎತ್ತರವನ್ನಾದರೂ ಏರಬಹುದು. ೧೯೩೦ ರ ಕ್ರೈಸ್ಲರ್, ೧೯೩೧ ರ ೧,೨೫೦ ಅಡಿಯ ಎಂಪೈರ್ ಸ್ಟೇಟ್ ಮೊದಲಾದವು ನಮ್ಮ ಗೋಪುರಗಳಂತೆ ಮೆಟ್ಟಲುಮೆಟ್ಟಲಾಗಿ ಸಣ್ಣಗಾಗುತ್ತ ಹೋಗುವುದಕ್ಕೆ ಇದೇ ಮುಖ್ಯ ಕಾರಣ. ನಮ್ಮಲ್ಲಿ ಆ ಆಕಾರವನ್ನು ಆಗಮಶಿಲ್ಪಗಳು ವಿಧಿಸಿದುವು. ಅಲ್ಲಿ ಬೀದಿಯಲ್ಲಿ ನಡೆಯುವವನ ಬಿಸಿಲು ವಿಧಿಸಿತು.

೧೯೬೧ ರಲ್ಲಿ ಆ ಕಟ್ಟಳೆ ಬದಲಾಯಿತು. ನೆಲದ ವಿಸ್ತೀರ್ಣದ ಇಷ್ಟು ಪಾಲು ಮಾತ್ರ ಕಟ್ಟಬಹುದೆಂಬ ಲೆಕ್ಕ ಬಂದಿತು. ಹಾಗಾದರೆ, ಚಿಕ್ಕ ಕಟ್ಟಡವಿರುವವನು ತಾನು ಕಟ್ಟದೆ ಬಿಟ್ಟ ಭಾಗವನ್ನು ಏನು ಮಾಡಬೇಕು? ಗ್ರ್ಯಾಂಡ್ ಸೆಂಟ್ರಲ್ ಎಂಬ ಸುಂದರವಾದ ಹಳೆಯ ರೈಲ್ವೆ ನಿಲ್ದಾಣದ ಮೇಲೆ ೫೦ ಅಂತಸ್ತಿಗೂ ಮಿಕ್ಕ ಗೋಪುರವನ್ನು ಏರಿಸಲು ಅದರ ಒಡೆಯರು ಹೊರಟರು. ನಗರವು ತಡೆಯಿತು. ವ್ಯಾಜ್ಯವು ದೇಶದ ಪರಮೋಚ್ಚ ನ್ಯಾಯಾಲಯದವರೆಗೆ ಹೋಗಿ, ೧೯೭೮ ರಲ್ಲಿ ನಗರವೇ ಗೆದ್ದಿತು. ಒಡೆಯರಿಗೆ ಆ ಎತ್ತರದ ಹಕ್ಕನ್ನು ಸಮೀಪದ ಬೇರೆ ನಿವೇಶನಗಳಿಗೆ ವರ್ಗಾಯಿಸುವ ಅವಕಾಶವುಂಟೆಂಬುದೂ ತೀರ್ಪಿನ ಕಾರಣಗಳಲ್ಲಿ ಒಂದು. ಮಗನು ಇದನ್ನು ನನಗೆ ವಿವರಿಸುತ್ತ, “ಅಪ್ಪ, ಈ ಊರಿನಲ್ಲಿ ಕಟ್ಟಿದ ಮನೆಗೆ ಒಂದು ಬೆಲೆ, ಕಟ್ಟದೆ ಬಿಟ್ಟ ಗಾಳಿಗೆ ಇನ್ನೊಂದು ಬೆಲೆ. ನೀವು ಹೇಳಿಕೊಟ್ಟ ಘಟಾಕಾಶಕ್ಕೆ ಇಲ್ಲಿ ಗಿರಾಕಿಗಳಿದ್ದಾರೆ” ಎಂದನು. ನಾನು ನಕ್ಕೆನು. ಆದರೆ ಒಂದು ಉತ್ತಮವಾದ ಕಟ್ಟಡ ಉಳಿದುದು ಆ ವ್ಯಾಪಾರದ ಆಸರೆಯಿಂದಲೂ ಹೌದೆಂಬುದನ್ನು ಒಪ್ಪಬೇಕು.

ಇದರ ಇನ್ನೊಂದು ಮುಖವೂ ಉಂಟು. ನೆರೆಹೊರೆಯವರ ಆಕಾಶವನ್ನೆಲ್ಲ ಕೊಂಡು ಒಂದೆಡೆ ಪೇರಿಸಿ, ೮೪೩ ಎಕರೆಗಳ ಸೆಂಟ್ರಲ್ ಪಾರ್ಕ್ ಉದ್ಯಾನದ ದಕ್ಷಿಣ ಮಗ್ಗುಲಲ್ಲಿ ಕಡ್ಡಿಯಂತೆ ಸಣ್ಣನೆಯ ಸೌಧಗಳನ್ನು ಎಬ್ಬಿಸಿರುವರು. ಅವುಗಳಲ್ಲಿ ಒಂದರ ಎತ್ತರ ೧,೫೫೦ ಅಡಿ. ನ್ಯೂಯಾರ್ಕಿನ ಅಕ್ಷಾಂಶ ಸುಮಾರು ೪೧ ಡಿಗ್ರಿ. ದಕ್ಷಿಣಾಯನ ಮುಗಿಯುವ ದಿನ ಮಧ್ಯಾಹ್ನದಲ್ಲಿಯೂ ಸೂರ್ಯನು ದಿಗಂತದಿಂದ ೨೬ ಡಿಗ್ರಿ ಮಾತ್ರ ಏರುವನು. ಜ್ಯೌತಿಷದಲ್ಲಿ ಹೇಳುವ ೧೨ ಅಂಗುಲದ ಶಂಕುವನ್ನು ಅಲ್ಲಿ ನೆಟ್ಟರೆ ನೆರಳು ಸುಮಾರು ೨೫ ಅಂಗುಲ. ಅದೇ ತ್ರೈರಾಶಿಯಿಂದ ಆ ಸೌಧದ ನೆರಳು ೩,೨೦೦ ಅಡಿ! ಚಳಿಗಾಲದ ಬಿಸಿಲಿಗಾಗಿ ಉದ್ಯಾನಕ್ಕೆ ಬಂದ ಮುದುಕರೂ ಮಕ್ಕಳೂ ಕುಳಿತ ಬೆಂಚಿನ ಮೇಲೆ ಅದು ಹಾದುಹೋಗುವುದು. ನೆರಳು ಸಣ್ಣದು, ಬೇಗ ಸರಿಯುವುದು ಎಂದು ಕಟ್ಟಿದವರ ಪಕ್ಷದ ಸಮಾಧಾನ. ಸರಿಯೇ, ಆದರೆ ಆಕಾಶ ಮಾರಿದವರಿಗೂ ಕೊಂಡವರಿಗೂ ಹಣವುಂಟು, ಮನೆಯುಂಟು, ಬೆಂಚಿನ ಮೇಲಿರುವವನ ರುಜು ಆ ಕ್ರಯಪತ್ರದಲ್ಲಿ ಇಲ್ಲ.

ವಾಷಿಂಗ್‌ಟನ್ನಿನವರು ಈ ವ್ಯವಹಾರಕ್ಕೇ ಎಡೆಗೊಡಲಿಲ್ಲ. ೧೮೯೪ ರಲ್ಲಿ ಅಲ್ಲಿ ೧೬೪ ಅಡಿಯ ವಸತಿಗೃಹವೊಂದು ಎದ್ದಾಗ ನೆರೆಯವರು ಕೂಗೆಬ್ಬಿಸಿದರು. ೧೮೯೯ ರಲ್ಲಿಯೂ ೧೯೧೦ ರಲ್ಲಿಯೂ ಶಾಸನಗಳಾದುವು. ರಾಜ್ಯಸಭಾಭವನಕ್ಕಿಂತ ಎತ್ತರ ಕಟ್ಟಬಾರದೆಂಬುದೇ ಆ ಶಾಸನವೆಂದು ಜನರು ಹೇಳುವರು. ನಿಜವಾಗಿ ಅದರ ಅಳತೆಗೋಲು ಬೀದಿ. ಎದುರಿನ ಬೀದಿಯ ಅಗಲಕ್ಕೆ ೨೦ ಅಡಿ ಸೇರಿಸಿದರೆ ಬರುವಷ್ಟೇ ಎತ್ತರ, ಅದಕ್ಕೂ ಒಂದು ಮೇರೆ. ಆದಕಾರಣ ಆ ರಾಜಧಾನಿಯಲ್ಲಿ ತಲೆಯೆತ್ತದೆಯೇ ಆಕಾಶ ಕಾಣುವುದು. ಫಿಲಡೆಲ್ಫಿಯದಲ್ಲಿ ಲಿಖಿತವಾದ ಕಟ್ಟಳೆಯಿರಲಿಲ್ಲ. ಪುರಭವನದ ನೆತ್ತಿಯಲ್ಲಿ ೫೪೮ ಅಡಿ ಎತ್ತರದಲ್ಲಿರುವ ಊರಿನ ಸ್ಥಾಪಕ ವಿಲಿಯಂ ಪೆನ್ನನ ಟೋಪಿಯನ್ನು ಮೀರಬಾರದೆಂಬ ಮರ್ಯಾದೆಯಿತ್ತು. ೧೯೮೭ ರಲ್ಲಿ ಒಬ್ಬರು ಮೀರಿದರು. ಆಮೇಲೆ ಊರಿನ ಆಟದ ತಂಡಗಳು ಸೋಲುತ್ತ ಬರಲು, ಪೆನ್ನನ ಶಾಪವೆಂದು ಜನರು ಆಡಿಕೊಂಡರು. ೨೦೦೭ ರಲ್ಲಿ ಹೊಸ ಗೋಪುರವೊಂದರ ತುದಿಯಲ್ಲಿ ಆತನ ಪುಟ್ಟ ಬೊಂಬೆಯನ್ನಿಟ್ಟರು. ಮರುವರ್ಷ ಬೇಸ್‌ಬಾಲ್ ತಂಡ ಗೆದ್ದಿತು. ದೃಷ್ಟಿಬೊಂಬೆ ಕಟ್ಟುವ ನಮ್ಮವರು ಇದನ್ನು ಕೇಳಿ ಸಮಾಧಾನಪಡಬಹುದು.

ವ್ಯಾಂಕೂವರಿನ ಪ್ರಶ್ನೆ ಇವೆಲ್ಲಕ್ಕಿಂತ ಕಠಿನವಾದುದು. ಆ ಊರಿನ ಉತ್ತರಕ್ಕೆ ಹಿಮದ ಬೆಟ್ಟಗಳಿವೆ. ೧೯೮೯ ರಲ್ಲಿ ಅಲ್ಲಿಯ ನಗರಸಭೆ, ಊರಿನ ಗೊತ್ತಾದ ಎಡೆಗಳಿಂದ ಬೆಟ್ಟ ಕಾಣುವ ದೃಷ್ಟಿಮಾರ್ಗಗಳನ್ನು ಗುರುತಿಸಿ, ಅವುಗಳಿಗೆ ಅಡ್ಡವಾಗಿ ಯಾರೂ ಏಳಬಾರದೆಂದು ವಿಧಿಸಿತು. ದರಿದ್ರನಿಗೂ ಬೆಟ್ಟದ ದರ್ಶನ ಉಚಿತವಾಯಿತು. ಆದರೆ ಮನೆಯ ಬಾಡಿಗೆ ಆಕಾಶಕ್ಕೇರಿ, ತರುಣರಿಗೆ ಇರಲು ಎಡೆಯಿಲ್ಲವಾಗಲು, ೨೦೨೪ ರಲ್ಲಿ ಆ ಮಾರ್ಗಗಳಲ್ಲಿ ಕೆಲವನ್ನು ಸಡಿಲಿಸಿದರು. ಬೆಟ್ಟ ದೊಡ್ಡದೋ ಮನೆ ದೊಡ್ಡದೋ? ಬಾಡಿಗೆ ತೆತ್ತು ಬಳಲಿದವನ ಮುಂದೆ ನಿಂತು ಬೆಟ್ಟವೆಂದು ಹೇಳುವ ಧೈರ್ಯ ನನಗಿಲ್ಲ.

ಏಕೆಂದರೆ ನನ್ನ ಮಗನೂ ೩೧ನೆಯ ಅಂತಸ್ತಿನಲ್ಲಿರತಕ್ಕವನು. ಬೆಳಗ್ಗೆ ಅರ್ಘ್ಯಕ್ಕೆಂದು ಪೂರ್ವದ ಕಿಟಕಿಯೆದುರು ನಿಂತರೆ, ಪಂಚಾಂಗದ ಉದಯಕಾಲ ಕಳೆದು ಬಹಳ ಹೊತ್ತಾದ ಮೇಲೆ ನದಿಯಾಚೆಯ ಗೋಪುರಗಳ ಸಂದಿನಿಂದ ಸೂರ್ಯನು ಇಣಿಕುವನು. ನಮ್ಮ ಕಟ್ಟಡದ ನೆರಳು ಹಿಂದಿನ ಬೀದಿಯ ಚಿಕ್ಕ ಮನೆಗಳ ಮೇಲೆ ಬೀಳುತ್ತಿತ್ತು. ಅದನ್ನು ಕುರಿತು ಮಾತು ಬಂದಾಗ ಸೊಸೆ, “ಮಾವ, ಈ ಕಟ್ಟಡದ ಇಷ್ಟು ಸಂಸಾರಗಳೂ ನೆಲದ ಮೇಲೆ ಹರಡಿದ್ದರೆ ಸುತ್ತಲಿನ ಕಾಡೂ ಹೊಲವೂ ಉಳಿಯುತ್ತಿದ್ದುವೆ?” ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಎತ್ತರವೇ ಪಾಪವಲ್ಲ, ಯಾರ ವಾಸಕ್ಕಾಗಿ ಎತ್ತರ, ಯಾರ ಬಿಸಿಲಿನಿಂದ ಎತ್ತರ ಎಂಬುದನ್ನು ಊರಿನವರೆಲ್ಲ ಕೇಳುವಂತೆ ಚರ್ಚಿಸಿ ಗೊತ್ತುಮಾಡಿದರೋ ಇಲ್ಲವೋ ಎಂಬುದೇ ವಿಚಾರಣೀಯವಾದುದು. ವಾರ್ಡ್ ಎಂಬ ವರ್ತಕನು ಒಂದು ಹಳೆಯ ನಕ್ಷೆಯ ಸಾಲನ್ನು ಹಿಡಿದು ನಿಲ್ಲಲು ಸಾಧ್ಯವಾದುದು, ಯಾರೋ ಅದನ್ನು ಮೊದಲೇ ಬರೆದಿಟ್ಟಿದ್ದರಿಂದ.

ಇದು ಪರದೇಶದ ಕಥೆ ಮಾತ್ರವೇ ಅಲ್ಲ. ಬೆಂಗಳೂರಿನಲ್ಲಿಯೂ ರಸ್ತೆ ಅಗಲಮಾಡಲು ನೆಲ ಬಿಟ್ಟುಕೊಟ್ಟವರಿಗೆ ಬೇರೆಡೆ ಹೆಚ್ಚಾಗಿ ಕಟ್ಟುವ ಹಕ್ಕನ್ನು ಪತ್ರರೂಪವಾಗಿ ಕೊಡುವ ಏರ್ಪಾಡುಂಟು; ಆ ಪತ್ರವನ್ನು ಮಾರಲೂಬಹುದು. ನಮ್ಮ ಹಿರಿಯರು ಕೆರೆಗೆ ಎಲ್ಲೆ ಕಟ್ಟಿದರು, ಗೋಮಾಳಕ್ಕೆ ಕಲ್ಲು ನೆಟ್ಟರು. ಬಿಸಿಲಿಗೂ ಗಾಳಿಗೂ ಎಲ್ಲೆ ಬರೆಯಬೇಕೆಂದು ಅವರಿಗೆ ತೋರಲಿಲ್ಲ. ಅವುಗಳನ್ನು ಯಾರೂ ಒತ್ತುವರಿಮಾಡಲಾರರೆಂದು ಅವರು ನಂಬಿದ್ದರು. ಆ ನಂಬಿಕೆಯಿಂದ ಇರುವ ಕಾಲ ನಮ್ಮದಲ್ಲ. ಜಿಲ್ಲೆಯ ಊರುಗಳೂ ಅಂತಸ್ತಿನ ಮೇಲೆ ಅಂತಸ್ತನ್ನು ಏರಿಸುತ್ತಿರುವ ಈ ದಿನಗಳಲ್ಲಿ, ನಮ್ಮ ಪುರಸಭೆಗಳ ನಕ್ಷೆಗಳಲ್ಲಿ ಅಂಥ ಒಂದೆರಡು ಸಾಲುಗಳನ್ನು ಈಗಲೇ ಬರೆಯಿಸಿಡುವುದು ಒಳ್ಳೆಯದು.